ಲ್ಯಾಪ್‌ಟಾಪ್ ಆನ್ ಆಗದಿದ್ದಾಗ: ಅಂಗಡಿಗೆ ಒಯ್ಯುವ ಮೊದಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು

"ನಿನ್ನೆ ರಾತ್ರಿ ಸರಿಯಾಗಿಯೇ ಇತ್ತು, ಬೆಳಿಗ್ಗೆ ಬಟನ್ ಒತ್ತಿದರೆ ಆನ್ ಆಗುತ್ತಿಲ್ಲ, ಏನು ಮಾಡಲಿ?" ಎಂಬ ಪ್ರಶ್ನೆ ತುಮಕೂರಿನ ಓದುಗರಿಂದಲೂ, ಗುಬ್ಬಿ, ಶಿರಾ, ಮಧುಗಿರಿ, ಪಾವಗಡದ ಕಡೆಯ ಓದುಗರಿಂದಲೂ ಬರುತ್ತಲೇ ಇರುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳುಗಳ ಗುಡುಗು ಸಿಡಿಲಿನ ದಿನಗಳಲ್ಲಿ, ಕಾಲೇಜು ಪ್ರಾಜೆಕ್ಟ್ ಸಲ್ಲಿಸಬೇಕಾದ ವಾರಗಳಲ್ಲಿ ಇದು ಇನ್ನಷ್ಟು ಹೆಚ್ಚುತ್ತದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವಾಗ ಒಂದಲ್ಲ ಒಂದು ಎಚ್ಚರಿಕೆಯ ಮಾತು ಬಿಟ್ಟುಹೋಗುತ್ತದೆ. ಆದ್ದರಿಂದ ಎಲ್ಲವನ್ನೂ ಕ್ರಮವಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಇಲ್ಲಿ ಕ್ರಮವೇ ಮುಖ್ಯ. ಆನ್ ಆಗದ ಲ್ಯಾಪ್‌ಟಾಪ್ ಕಂಡ ಕೂಡಲೇ ಬಹಳಷ್ಟು ಜನ "ಮದರ್‌ಬೋರ್ಡ್ ಹೋಗಿದೆ" ಅಂದರೆ ಎಲ್ಲ ಭಾಗಗಳೂ ಕೂರುವ ಒಳಗಿನ ಮುಖ್ಯ ಬೋರ್ಡೇ ಕೆಟ್ಟಿದೆ ಎಂದು ತಾವೇ ತೀರ್ಮಾನಿಸಿಬಿಡುತ್ತಾರೆ, ಇಲ್ಲವೇ ಒಂದೇ ಸಲಕ್ಕೆ ಚಾರ್ಜರ್, ಬ್ಯಾಟರಿ, ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ರ‍್ಯಾಮ್ ಎಲ್ಲವನ್ನೂ ಕಿತ್ತು ಬದಲಾಯಿಸಿ ನೋಡುತ್ತಾರೆ. ಮೊದಲನೆಯದರಿಂದ ದುಡ್ಡು ಹೋಗುತ್ತದೆ. ಎರಡನೆಯದರಲ್ಲಿ ಯಂತ್ರ ಅಕಸ್ಮಾತ್ ಸರಿಹೋದರೂ ದೋಷ ಎಲ್ಲಿತ್ತು ಎಂಬುದು ಗೊತ್ತಾಗುವುದಿಲ್ಲ. ಗೋಡೆಯ ಸಾಕೆಟ್‌ನಿಂದ ಹೊರಟು ಒಳಗಡೆಗೆ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತಾ ಸಾಗುವುದೇ ಸರಿಯಾದ ದಾರಿ.

ಕೈ ಹಾಕಲೇಬಾರದ ಸಂದರ್ಭಗಳು

ಲ್ಯಾಪ್‌ಟಾಪ್ ಮೇಲೆ ನೀರು, ಕಾಫಿ ಅಥವಾ ಮಜ್ಜಿಗೆ ಚೆಲ್ಲಿದ್ದರೆ ಕೆಳಗಿನ ಯಾವ ಹಂತವನ್ನೂ ಪ್ರಯತ್ನಿಸಬೇಡಿ. "ಒಣಗಿದೆಯೇ ನೋಡೋಣ" ಎಂದು ಒಮ್ಮೆ ಆನ್ ಮಾಡಿ ನೋಡುವುದೇ ಇಂಥ ಯಂತ್ರಗಳಿಗೆ ದೊಡ್ಡ ಹಾನಿ ಮಾಡುತ್ತದೆ, ಏಕೆಂದರೆ ತೇವವಿರುವಾಗ ವಿದ್ಯುತ್ ಹರಿದರೆ ಬೋರ್ಡಿನ ಮೇಲಿನ ಸಣ್ಣ ತಾಮ್ರದ ಗೆರೆಗಳು ಬೇಗನೆ ಕೊರೆದುಹೋಗುತ್ತವೆ. ಗೋಡೆಯ ಸ್ವಿಚ್ ಆರಿಸಿ, ಚಾರ್ಜರ್ ಕಿತ್ತು, ಬ್ಯಾಟರಿ ಹೊರಗೆ ತೆಗೆಯುವಂಥದ್ದಾದರೆ ತೆಗೆದು, ಪರದೆಯನ್ನು ತೆರೆದು ಯಂತ್ರವನ್ನು ಬೋರಲಾಗಿ ಇಟ್ಟು, ಅದೇ ದಿನ ತಂತ್ರಜ್ಞರಿಗೆ ಒಪ್ಪಿಸಿ. ಹೇರ್ ಡ್ರೈಯರ್‌ನ ಬಿಸಿಗಾಳಿ ಬೇಡ, ಅಕ್ಕಿ ಡಬ್ಬಿಯಲ್ಲಿ ಹೂತಿಡುವುದೂ ಬೇಡ. ಸಕ್ಕರೆ, ಹಾಲು, ಉಪ್ಪಿನ ಅಂಶಗಳನ್ನು ಅಕ್ಕಿ ಹೀರಿಕೊಳ್ಳುವುದಿಲ್ಲ, ಅವನ್ನು ಬೋರ್ಡ್ ಬಿಚ್ಚಿ ತೊಳೆದೇ ತೆಗೆಯಬೇಕು.

ಬ್ಯಾಟರಿ ಉಬ್ಬಿದ್ದರೂ ಹಾಗೆಯೇ ದೂರವಿರಿ. ಟಚ್‌ಪ್ಯಾಡ್ ಮೇಲೆದ್ದಿರುವುದು, ಅದರ ಕ್ಲಿಕ್ ಬಿಗಿಯಾಗಿರುವುದು, ಯಂತ್ರವನ್ನು ಮೇಜಿನ ಮೇಲೆ ಇಟ್ಟರೆ ಸಮತಟ್ಟಾಗಿ ಕೂರದೆ ಅಲ್ಲಾಡುವುದು, ಕೆಳಗಿನ ಮುಚ್ಚಳದ ಅಂಚಿನಲ್ಲಿ ಬಿರುಕು ಕಾಣುವುದು, ಇವು ಅದರ ಗುರುತುಗಳು. ಲಿಥಿಯಂ ಬ್ಯಾಟರಿಯೊಳಗೆ ಅನಿಲ ತುಂಬಿದಾಗ ಹೀಗಾಗುತ್ತದೆ. ಅದನ್ನು ಒತ್ತಿದರೆ, ಚುಚ್ಚಿದರೆ ಅಥವಾ ಮತ್ತೆ ಚಾರ್ಜ್ ಮಾಡಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಸುಟ್ಟ ವಾಸನೆ ಬಂದಿದ್ದರೂ ಚಾರ್ಜರ್ ಜೋಡಿಸಬೇಡಿ.

ಏನೇನು ಬೇಕು

ಕೆಲಸ ಮಾಡುವ ಒಂದು ಮೊಬೈಲ್ ಚಾರ್ಜರ್, ಒಂದು ಟಾರ್ಚ್, ಎಚ್‌ಡಿಎಂಐ ಕೇಬಲ್ ಮತ್ತು ಮನೆಯ ಟಿವಿ ಇದ್ದರೆ ಮೊದಲ ಆರು ಹಂತಗಳಿಗೆ ಸಾಕು. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬೀದಿಯ ಎಲೆಕ್ಟ್ರಿಷಿಯನ್ ಬಳಿ ಇರುತ್ತದೆ. ಏಳನೆಯ ಹಂತಕ್ಕೆ ಮಾತ್ರ ಸಣ್ಣ ನಕ್ಷತ್ರ ಮೊನೆಯ ಸ್ಕ್ರೂಡ್ರೈವರ್ ಮತ್ತು ಹಳೆಯ ಎಟಿಎಂ ಕಾರ್ಡಿನಂಥ ತೆಳು ಪ್ಲಾಸ್ಟಿಕ್ ಬೇಕಾಗುತ್ತದೆ. ಇವೆಲ್ಲಕ್ಕಿಂತ ಮೊದಲು ಒಂದು ಹಾಳೆ ಮತ್ತು ಪೆನ್ನು ತೆಗೆದುಕೊಳ್ಳಿ. ಪ್ರತಿ ಹಂತದಲ್ಲಿ ಕಂಡದ್ದನ್ನು ಬರೆದಿಟ್ಟರೆ, ಕೊನೆಗೆ ಅಂಗಡಿಗೆ ಹೋಗಬೇಕಾಗಿ ಬಂದಾಗ ಆ ಹಾಳೆ ತಂತ್ರಜ್ಞರ ಅರ್ಧ ಗಂಟೆಯನ್ನು ಉಳಿಸುತ್ತದೆ.

ಹಂತ 1: "ಆನ್ ಆಗುತ್ತಿಲ್ಲ" ಎಂದರೆ ನಿಜವಾಗಿ ಏನಾಗುತ್ತಿದೆ?

ಈ ಒಂದು ದೂರಿನೊಳಗೆ ನಾಲ್ಕು ಬೇರೆ ಬೇರೆ ದೋಷಗಳಿರುತ್ತವೆ. ಬಟನ್ ಒತ್ತಿದಾಗ ದೀಪವಿಲ್ಲ, ಸದ್ದಿಲ್ಲ, ಏನೂ ಇಲ್ಲ ಎಂಬುದು ಒಂದು. ಅಂಗಡಿಯವರು ಇದನ್ನು "ಡೆಡ್" ಎನ್ನುತ್ತಾರೆ. ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಆದರೆ ಪರದೆ ಕಪ್ಪಾಗಿಯೇ ಇರುತ್ತದೆ ಎಂಬುದು ಎರಡನೆಯದು. ಇದಕ್ಕೆ "ನೋ ಡಿಸ್‌ಪ್ಲೇ" ಎಂಬ ಹೆಸರು. ಆನ್ ಆಗಿ ಕೆಲವೇ ಕ್ಷಣಗಳಲ್ಲೋ ನಿಮಿಷಗಳಲ್ಲೋ ಆರಿಹೋಗುವುದು ಮೂರನೆಯದು. ಕಂಪನಿಯ ಲೋಗೊ ಕಂಡು ಅಲ್ಲೇ ನಿಲ್ಲುವುದು ಅಥವಾ ವಿಂಡೋಸ್ ತೆರೆದುಕೊಳ್ಳದಿರುವುದು ನಾಲ್ಕನೆಯದು.

ನಿಮ್ಮದು ಯಾವುದೆಂದು ತಿಳಿಯಲು ಕೋಣೆಯ ದೀಪವಾರಿಸಿ, ಫ್ಯಾನ್ ನಿಲ್ಲಿಸಿ, ನಿಶ್ಶಬ್ದದಲ್ಲಿ ಬಟನ್ ಅನ್ನು ಒಮ್ಮೆ ಮಾತ್ರ ಒತ್ತಿ ಅರ್ಧ ನಿಮಿಷ ಕಾಯಿರಿ. ಕಿವಿಯನ್ನು ಕೀಬೋರ್ಡಿನ ಹತ್ತಿರ ಇಟ್ಟು ಫ್ಯಾನಿನ ಸದ್ದು ಬರುತ್ತಿದೆಯೇ ಕೇಳಿ. ಅನಂತರ ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿ ನೋಡಿ. ಅದರ ದೀಪ ಒತ್ತಿದಂತೆಲ್ಲ ಹತ್ತಿ ಆರಿದರೆ ಯಂತ್ರ ಜೀವಂತವಾಗಿದೆ, ದೋಷ ಪರದೆಯ ಕಡೆ ಇದೆ ಎಂದೇ ಹೆಚ್ಚಾಗಿ ಅರ್ಥ. ನೀವು ನೇರವಾಗಿ ಹಂತ 5ಕ್ಕೆ ಹೋಗಬಹುದು. ಬಟನ್ ಅನ್ನು ಮತ್ತೆ ಮತ್ತೆ ಒತ್ತುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. ಬಟನ್ ಅನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಬಲವಂತವಾಗಿ ಆಫ್ ಆಗುವಂತೆ ಲ್ಯಾಪ್‌ಟಾಪ್‌ಗಳನ್ನು ರೂಪಿಸಿರುತ್ತಾರೆ. ಆತಂಕದಲ್ಲಿ ಒತ್ತಿ ಹಿಡಿದವರು, ಆನ್ ಆಗುತ್ತಿರುವ ಯಂತ್ರವನ್ನು ತಾವೇ ಆರಿಸುತ್ತಿರುತ್ತಾರೆ.

ಹಂತ 2: ಗೋಡೆಯ ಸಾಕೆಟ್

ಲ್ಯಾಪ್‌ಟಾಪ್ ಚಾರ್ಜರ್ ಜೋಡಿಸಿದ್ದ ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ಫೋನ್ ಚಾರ್ಜ್ ಆಗುತ್ತದೆಯೇ ನೋಡಿ. ಎಕ್ಸ್‌ಟೆನ್ಷನ್ ಬೋರ್ಡ್ ಬಳಸುತ್ತಿದ್ದರೆ ಅದನ್ನು ಬಿಟ್ಟು ಗೋಡೆಯ ಸಾಕೆಟ್‌ಗೇ ನೇರವಾಗಿ ಜೋಡಿಸಿ. ಬೋರ್ಡಿನ ಕೆಂಪು ದೀಪ ಹತ್ತಿದೆ ಎಂದ ಮಾತ್ರಕ್ಕೆ ಅದರ ಎಲ್ಲ ತೂತುಗಳಲ್ಲೂ ಹಿಡಿತ ಸರಿಯಾಗಿದೆ ಎಂದು ಹೇಳಲಾಗದು.

ವೋಲ್ಟೇಜ್ ಬಗ್ಗೆ ಒಂದು ತಪ್ಪು ನಂಬಿಕೆ ನಮ್ಮ ಕಡೆ ಬಲವಾಗಿದೆ. ಬೆಸ್ಕಾಂ ಮನೆಗಳಿಗೆ ಕೊಡುವ ವಿದ್ಯುತ್ತು 230 ವೋಲ್ಟ್ ಇರಬೇಕು, ಆದರೆ ಹಳ್ಳಿಗಳಲ್ಲಿ ಸಂಜೆಯ ಹೊತ್ತು ಬಲ್ಬ್ ಮಂಕಾಗುವಷ್ಟು ಇಳಿಯುವುದುಂಟು. ಲ್ಯಾಪ್‌ಟಾಪ್ ಕೆಟ್ಟದ್ದು ಈ ಲೋ ವೋಲ್ಟೇಜ್‌ನಿಂದ ಎಂದು ಹಲವರು ಸ್ಟೆಬಿಲೈಸರ್ ಕೊಳ್ಳಲು ಹೊರಡುತ್ತಾರೆ. ನಿಮ್ಮ ಚಾರ್ಜರ್‌ನ ಚೀಟಿಯನ್ನು ಓದಿ. ಇನ್‌ಪುಟ್ ಎಂಬಲ್ಲಿ 100 ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಅಂದರೆ 150 ವೋಲ್ಟ್‌ಗೆ ಇಳಿದರೂ ಅದು ಕೆಲಸ ಮಾಡುತ್ತದೆ. ತೊಂದರೆ ಕೊಡುವುದು ಇಳಿತವಲ್ಲ, ಹೋದ ಕರೆಂಟು ಮರಳಿ ಬರುವಾಗ ಮತ್ತು ಸಿಡಿಲು ಬಡಿದಾಗ ಕ್ಷಣಮಾತ್ರ ಏರುವ ಅಧಿಕ ವೋಲ್ಟೇಜು. ಅದನ್ನು ತಡೆಯಲು ಬೇಕಾದದ್ದು ಸರ್ಜ್ ಪ್ರೊಟೆಕ್ಟರ್, ಅಂದರೆ ಏಕಾಏಕಿ ಏರಿದ ವೋಲ್ಟೇಜನ್ನು ತಾನು ನುಂಗಿಕೊಂಡು ಮುಂದಿನ ಉಪಕರಣವನ್ನು ಕಾಯುವ ಸಾಧನ. ಹತ್ತಿರದಲ್ಲಿ ಸಿಡಿಲು ಬಡಿಯುವಾಗ ಅದನ್ನೂ ನಂಬದೆ ಪ್ಲಗ್ ಕಿತ್ತಿಡುವುದೇ ಕ್ಷೇಮ. ಬ್ರಾಡ್‌ಬ್ಯಾಂಡ್‌ನ ತಂತಿಯನ್ನೂ, ಟಿವಿಗೆ ಜೋಡಿಸಿದ ಎಚ್‌ಡಿಎಂಐ ಕೇಬಲನ್ನೂ ಕೀಳಿ, ಏಕೆಂದರೆ ಸಿಡಿಲಿನ ಹೊಡೆತ ಆ ದಾರಿಯಲ್ಲೂ ಬರುತ್ತದೆ.

ಹಂತ 3: ಚಾರ್ಜರ್

ಈ ಹಂತದಲ್ಲಿ ಅವಸರ ಮಾಡಬೇಡಿ. ಚಾರ್ಜರ್ ಬದಲಿಸಿದರೆ ಸರಿಹೋಗುವ ಯಂತ್ರಗಳನ್ನು ಬೋರ್ಡ್ ರಿಪೇರಿಗೆ ಕೊಟ್ಟು ಬಂದವರನ್ನು ನಾನು ಕಂಡಿದ್ದೇನೆ.

ಮೊದಲು ಚಾರ್ಜರ್‌ಗೆ ದೀಪವಿದ್ದರೆ ಅದನ್ನು ನೋಡಿ. ಲ್ಯಾಪ್‌ಟಾಪ್‌ಗೆ ಜೋಡಿಸದೆ ಗೋಡೆಗೆ ಮಾತ್ರ ಹಾಕಿದಾಗಲೂ ದೀಪ ಹತ್ತದಿದ್ದರೆ, ಗೋಡೆಯಿಂದ ಚಾರ್ಜರ್ ಡಬ್ಬಿಗೆ ಬರುವ ತಂತಿಯನ್ನು ಬೇರೆಯದಕ್ಕೆ ಬದಲಿಸಿ. ಅದು ಸುಲಭವಾಗಿ ಸಿಗುತ್ತದೆ, ಅಗ್ಗವೂ ಹೌದು. ಆಗಲೂ ಹತ್ತದಿದ್ದರೆ ಚಾರ್ಜರ್ ಕೆಟ್ಟಿದೆ. ಇನ್ನು ಬಹಳ ಮುಖ್ಯವಾದ ಸೂಚನೆಯೊಂದಿದೆ: ಬಿಡಿಯಾಗಿದ್ದಾಗ ಹತ್ತಿದ ದೀಪ, ಪಿನ್ನನ್ನು ಲ್ಯಾಪ್‌ಟಾಪ್‌ಗೆ ಚುಚ್ಚಿದ ತಕ್ಷಣ ಆರಿಹೋದರೆ, ಲ್ಯಾಪ್‌ಟಾಪ್‌ನ ಒಳಗೆ ವಿದ್ಯುತ್ ಬರುವ ದಾರಿಯಲ್ಲಿ ಶಾರ್ಟ್ ಆಗಿರುವ ಸಂಭವ ಹೆಚ್ಚು. ಶಾರ್ಟ್ ಎಂದರೆ ವಿದ್ಯುತ್ತು ತಾನು ಹೋಗಬೇಕಾದ ದಾರಿ ಬಿಟ್ಟು ನೇರವಾಗಿ ನೆಲದ ತಂತಿಗೆ ಹರಿಯುವುದು. ಚಾರ್ಜರ್ ತನ್ನನ್ನು ಕಾಪಾಡಿಕೊಳ್ಳಲು ಆರಿಹೋಗಿರುತ್ತದೆ. ಇನ್ನೊಂದು ಸರಿಯಾದ ಚಾರ್ಜರ್‌ನಲ್ಲೂ ಹೀಗೇ ಆದರೆ ಮುಂದಿನ ಹಂತಗಳನ್ನು ಬಿಟ್ಟು ನೇರವಾಗಿ ಹಂತ 9ಕ್ಕೆ ಹೋಗಿ.

ಪಿನ್ ಮತ್ತು ಲ್ಯಾಪ್‌ಟಾಪ್‌ನ ಡಿಸಿ ಜಾಕ್, ಅಂದರೆ ಪಿನ್ ಕೂರುವ ತೂತು, ಇವೆರಡನ್ನೂ ಟಾರ್ಚ್ ಹಾಕಿ ಪರೀಕ್ಷಿಸಿ. ಪಿನ್ನನ್ನು ನಿಧಾನವಾಗಿ ಅಲ್ಲಾಡಿಸಿದಾಗ ಚಾರ್ಜಿಂಗ್ ದೀಪ ಮಿಣುಕಿದರೆ ಜಾಕ್ ಸಡಿಲವಾಗಿದೆ. ಹಲವು ಮಾದರಿಗಳಲ್ಲಿ ಜಾಕ್ ಬೋರ್ಡಿಗೆ ಬೆಸುಗೆಯಾಗದೆ ಪುಟ್ಟ ತಂತಿಯ ಮೂಲಕ ಜೋಡಣೆಯಾಗಿರುವುದರಿಂದ ಅದನ್ನು ಬದಲಿಸುವುದು ಸಣ್ಣ ಕೆಲಸ. ಡೆಲ್ ಮತ್ತು ಎಚ್‌ಪಿಯ ಹಲವು ಪಿನ್‌ಗಳ ನಡುವೆ ಸೂಜಿಯಂಥ ತೆಳು ಕಡ್ಡಿ ಇರುತ್ತದೆ. ಅದು ವಿದ್ಯುತ್ ಒಯ್ಯುವುದಿಲ್ಲ, ಚಾರ್ಜರ್ ಯಾವುದು ಎಂಬ ಗುರುತನ್ನು ಯಂತ್ರಕ್ಕೆ ತಿಳಿಸುತ್ತದೆ. ಅದು ಬಾಗಿದರೆ ಅಥವಾ ಮುರಿದರೆ ಡೆಲ್ ಯಂತ್ರ ಚಾರ್ಜರನ್ನು ಗುರುತಿಸದೆ, ಬ್ಯಾಟರಿ ಚಾರ್ಜ್ ಮಾಡಲು ಒಪ್ಪುವುದಿಲ್ಲ.

ಮಲ್ಟಿಮೀಟರ್ ಇದ್ದವರು ಡಿಸಿ ವೋಲ್ಟ್‌ನ 200ರ ಸ್ಥಾನದಲ್ಲಿಟ್ಟು ಅಳೆಯಿರಿ. ಸಾಮಾನ್ಯ ಮೀಟರ್‌ಗಳಲ್ಲಿ 20ರ ಸ್ಥಾನದಲ್ಲಿಟ್ಟರೆ 20 ವೋಲ್ಟ್ ಚಾರ್ಜರ್ ಆ ಮಿತಿಯನ್ನು ದಾಟಿ, ಮೀಟರ್ ಬರೀ 1 ಎಂದು ತೋರಿಸುತ್ತದೆ. ಅದನ್ನು ನೋಡಿ ಚಾರ್ಜರ್ ಕೆಟ್ಟಿದೆ ಎಂದು ಭಾವಿಸಿದವರಿದ್ದಾರೆ. ಒಂದು ಕಡ್ಡಿಯನ್ನು ಪಿನ್ನಿನ ಒಳಗೋಡೆಗೆ, ಇನ್ನೊಂದನ್ನು ಹೊರಗೋಡೆಗೆ ತಾಗಿಸಿ. ನಡುವಿನ ಸೂಜಿಯನ್ನು ಮುಟ್ಟಬೇಡಿ. ಕಡ್ಡಿಗಳು ಒಂದಕ್ಕೊಂದು ತಗಲದಂತೆಯೂ ನೋಡಿಕೊಳ್ಳಿ. ಚೀಟಿಯಲ್ಲಿ ಔಟ್‌ಪುಟ್ ಎಂದು ಬರೆದಿರುವ 19, 19.5 ಅಥವಾ 20 ವೋಲ್ಟ್‌ನ ಹತ್ತಿರದ ಸಂಖ್ಯೆ ಸ್ಥಿರವಾಗಿ ಕಾಣಬೇಕು. 12ಕ್ಕೆ ಇಳಿದಿದ್ದರೆ ಅಥವಾ ಮೇಲೆ ಕೆಳಗೆ ಆಡುತ್ತಿದ್ದರೆ ಚಾರ್ಜರ್ ಬದಲಿಸಬೇಕು. ವೋಲ್ಟ್ ಸರಿಯಾಗಿ ಕಂಡರೂ ಭಾರ ಬಿದ್ದಾಗ ಕುಸಿಯುವ ಚಾರ್ಜರ್‌ಗಳುಂಟು. ಆದ್ದರಿಂದ ಕೊನೆಯ ಪರೀಕ್ಷೆ ಎಂದರೆ ಅದೇ ಮಾದರಿಯ ಇನ್ನೊಂದು ಚಾರ್ಜರ್ ಹಾಕಿ ನೋಡುವುದೇ.

ಬೇರೆಯವರ ಚಾರ್ಜರ್ ಬಳಸುವಾಗ ನಿಯಮ ಸರಳ: ಪಿನ್ ಮತ್ತು ವೋಲ್ಟ್ ಒಂದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿರಬೇಕು. ಉದಾಹರಣೆಗೆ 19.5 ವೋಲ್ಟ್, 3.33 ಆಂಪಿಯರ್ ಎಂದಿದ್ದರೆ ಗುಣಿಸಿದಾಗ ಸುಮಾರು 65 ವ್ಯಾಟ್ ಆಗುತ್ತದೆ. ಅದಕ್ಕೆ 90 ವ್ಯಾಟ್‌ನ ಚಾರ್ಜರ್ ಹಾಕಬಹುದು, 45 ವ್ಯಾಟ್‌ನದು ಸಾಲದು. ಹೊಸದು ಕೊಳ್ಳುವಾಗ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಗುರುತು ಮತ್ತು ಅದರ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ಪರೀಕ್ಷಿಸಬಹುದು.

ಟೈಪ್-ಸಿ ಚಾರ್ಜರ್ ಇರುವವರಿಗೆ ಬೇರೆಯೇ ಎಚ್ಚರಿಕೆಗಳಿವೆ. ಅದರ ತುದಿಯನ್ನು ಮಲ್ಟಿಮೀಟರ್‌ನಿಂದ ಅಳೆಯಲು ಹೋಗಬೇಡಿ. ಎದುರಿಗೆ ಸಾಧನ ಜೋಡಣೆಯಾಗುವ ತನಕ ಅದು ವಿದ್ಯುತ್ತನ್ನೇ ಬಿಡುವುದಿಲ್ಲವಾದ್ದರಿಂದ ಸೊನ್ನೆ ತೋರಿಸಿದರೂ ಚಾರ್ಜರ್ ಚೆನ್ನಾಗಿಯೇ ಇರಬಹುದು. ಚಾರ್ಜರ್ ಮತ್ತು ಲ್ಯಾಪ್‌ಟಾಪ್ ಮೊದಲು ಮಾತಾಡಿಕೊಂಡು 5, 9, 15, 20 ವೋಲ್ಟ್‌ಗಳಲ್ಲಿ ಯಾವುದು ಬೇಕೆಂದು ಒಪ್ಪಂದಕ್ಕೆ ಬರುತ್ತವೆ. ಮೊಬೈಲ್ ಫೋನಿನ ಹಲವು ಚಾರ್ಜರ್‌ಗಳು 20 ವೋಲ್ಟ್ ಕೊಡಲಾರವು, ಹಾಗಾಗಿ ತೂತಿಗೆ ಹೊಂದಿದರೂ ಲ್ಯಾಪ್‌ಟಾಪ್ ಅದರಿಂದ ಆನ್ ಆಗದೇ ಇರಬಹುದು. ಕೇಬಲ್ ಕೂಡ ಲೆಕ್ಕಕ್ಕೆ ಬರುತ್ತದೆ: ಸಾಮಾನ್ಯ 3 ಆಂಪಿಯರ್ ಟೈಪ್-ಸಿ ಕೇಬಲ್ 60 ವ್ಯಾಟ್‌ವರೆಗೆ ಮಾತ್ರ ಒಯ್ಯುತ್ತದೆ, ಅದಕ್ಕಿಂತ ಹೆಚ್ಚಿಗೆ 5 ಆಂಪಿಯರ್ ಕೇಬಲ್ ಬೇಕು. ಎರಡು ಟೈಪ್-ಸಿ ತೂತುಗಳಿದ್ದರೆ ಎರಡರಲ್ಲೂ ಹಾಕಿ ನೋಡಿ. ಕೆಲವು ಮಾದರಿಗಳಲ್ಲಿ ಒಂದು ಮಾತ್ರ ಚಾರ್ಜ್ ಮಾಡುತ್ತದೆ.

ಹಂತ 4: ಉಳಿದ ವಿದ್ಯುತ್ತನ್ನು ಬಸಿದು ತೆಗೆಯುವುದು

ಗೋಡೆಯೂ ಚಾರ್ಜರೂ ಸರಿ ಇದ್ದು ಯಂತ್ರ ಸುಮ್ಮನಿದ್ದರೆ, ಈ ಹಂತದಲ್ಲಿ ಎದ್ದು ಕೂರುವ ಸಾಧ್ಯತೆ ಸಾಕಷ್ಟಿದೆ. ಲ್ಯಾಪ್‌ಟಾಪ್‌ನೊಳಗೆ ಎಂಬೆಡೆಡ್ ಕಂಟ್ರೋಲರ್ ಎಂಬ ಸಣ್ಣ ಚಿಪ್ ಇರುತ್ತದೆ. ಪವರ್ ಬಟನ್, ಚಾರ್ಜಿಂಗ್, ದೀಪಗಳು, ಫ್ಯಾನ್ ಇವೆಲ್ಲವನ್ನೂ ನೋಡಿಕೊಳ್ಳುವುದು ಅದೇ. ನೀವು ಲ್ಯಾಪ್‌ಟಾಪ್ ಆಫ್ ಮಾಡಿದಾಗಲೂ ಬ್ಯಾಟರಿಯ ಬಲದಿಂದ ಅದು ಎಚ್ಚರವಾಗಿರುತ್ತದೆ. ವೋಲ್ಟೇಜ್ ಏರುಪೇರಿನಿಂದಲೋ, ನಿದ್ರಾಸ್ಥಿತಿಯಲ್ಲಿರುವಾಗ ಬ್ಯಾಟರಿ ಬರಿದಾದ್ದರಿಂದಲೋ ಅದು ಸ್ತಬ್ಧವಾದರೆ, ಬಟನ್ ಒತ್ತಿದ್ದು ಅದಕ್ಕೆ ಕೇಳಿಸುವುದೇ ಇಲ್ಲ. ಅದಕ್ಕೆ ಹೋಗುವ ವಿದ್ಯುತ್ತನ್ನು ಪೂರ್ತಿ ಕಡಿದರೆ ಮತ್ತೆ ಹೊಸದಾಗಿ ಶುರುವಾಗುತ್ತದೆ.

ಚಾರ್ಜರ್ ಕಿತ್ತು, ಪೆನ್ ಡ್ರೈವ್, ಮೌಸ್, ಮೆಮೊರಿ ಕಾರ್ಡ್, ಎಚ್‌ಡಿಎಂಐ ಎಲ್ಲವನ್ನೂ ತೆಗೆಯಿರಿ. ಬ್ಯಾಟರಿ ಹೊರಗಿನಿಂದ ತೆಗೆಯುವಂಥದ್ದಾದರೆ ಅದನ್ನೂ ತೆಗೆಯಿರಿ. ಪವರ್ ಬಟನ್ ಅನ್ನು 30 ಸೆಕೆಂಡು ಬಿಡದೆ ಒತ್ತಿ ಹಿಡಿಯಿರಿ. ಗಡಿಯಾರ ನೋಡಿಯೇ ಹಿಡಿಯಿರಿ, ಅಂದಾಜಿನಲ್ಲಿ ಎಣಿಸಿದರೆ ಹೆಚ್ಚಿನವರು ಹದಿನೈದಕ್ಕೇ ಬಿಟ್ಟುಬಿಡುತ್ತಾರೆ. ಒಂದೆರಡು ನಿಮಿಷ ಬಿಟ್ಟು ಚಾರ್ಜರ್ ಮಾತ್ರ ಜೋಡಿಸಿ, ಕಾಲು ಗಂಟೆ ಹಾಗೇ ಇಟ್ಟು, ಅನಂತರ ಬಟನ್ ಅನ್ನು ಒಮ್ಮೆ ಒತ್ತಿ. ಲೆನೊವೊ ಥಿಂಕ್‌ಪ್ಯಾಡ್‌ನ ಹಲವು ಮಾದರಿಗಳಲ್ಲಿ ಮತ್ತು ಏಸರ್‌ನ ಕೆಲವು ಮಾದರಿಗಳಲ್ಲಿ ಇದಕ್ಕೆಂದೇ ಯಂತ್ರದ ತಳದಲ್ಲಿ ಸೂಜಿಯಷ್ಟು ತೂತು ಇರುತ್ತದೆ. ಚಾರ್ಜರ್ ಕಿತ್ತ ಮೇಲೆ, ನೇರ ಮಾಡಿದ ಪೇಪರ್ ಕ್ಲಿಪ್‌ನಿಂದ ಒಳಗಿನ ಗುಂಡಿಯನ್ನು ಮೃದುವಾಗಿ ಒತ್ತಬೇಕು. 2020ರ ನಂತರದ, ಆಪಲ್‌ನದೇ ಚಿಪ್ ಇರುವ ಮ್ಯಾಕ್‌ಬುಕ್‌ಗಳಲ್ಲಿ ಪವರ್ ಬಟನ್ ಅನ್ನು 10 ಸೆಕೆಂಡು ಹಿಡಿದು ಬಿಟ್ಟು ಮತ್ತೆ ಒಮ್ಮೆ ಒತ್ತಿದರೆ ಸಾಕು.

ರಜೆಯಲ್ಲಿ ಊರಿಗೆ ಹೋಗಿ ತಿಂಗಳುಗಟ್ಟಲೆ ಬೀರುವಿನಲ್ಲಿಟ್ಟಿದ್ದ ಲ್ಯಾಪ್‌ಟಾಪ್ ಆದರೆ ಇನ್ನೂ ತಾಳ್ಮೆ ಬೇಕು. ಬ್ಯಾಟರಿ ತೀರಾ ಬರಿದಾದಾಗ ಚಾರ್ಜಿಂಗ್ ವ್ಯವಸ್ಥೆ ಮೊದಲು ಬಹಳ ಕಡಿಮೆ ವಿದ್ಯುತ್ತನ್ನು ಹನಿಹನಿಯಾಗಿ ಹರಿಸುತ್ತದೆ, ಆ ಹೊತ್ತಿನಲ್ಲಿ ದೀಪ ಹತ್ತದೆಯೂ ಇರಬಹುದು. ಒಂದೆರಡು ಗಂಟೆ, ಕಣ್ಣೆದುರಿಗೆ ಇರುವ ಜಾಗದಲ್ಲಿ, ಹಾಸಿಗೆಯ ಮೇಲಲ್ಲದೆ ಗಟ್ಟಿ ಮೇಜಿನ ಮೇಲಿಟ್ಟು ಚಾರ್ಜ್ ಮಾಡಿ ನೋಡಿ.

ಹಂತ 5: ಜೀವವಿದೆ, ಪರದೆ ಮಾತ್ರ ಕಪ್ಪು

ಕತ್ತಲೆ ಕೋಣೆಯಲ್ಲಿ ಟಾರ್ಚ್ ಬೆಳಕನ್ನು ಪರದೆಯ ಮೇಲೆ ಓರೆಯಾಗಿ ಬಿಡಿ. ಮಸುಕಾಗಿ ಚಿತ್ರವೋ ಅಕ್ಷರವೋ ಕಂಡರೆ ಪರದೆಯ ಹಿಂಬೆಳಕು ಅಥವಾ ಅದಕ್ಕೆ ಹೋಗುವ ಕೇಬಲ್ ಮಾತ್ರ ಕೆಟ್ಟಿದೆ. ಏನೂ ಕಾಣದಿದ್ದರೆ ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಜೋಡಿಸಿ, ಟಿವಿಯಲ್ಲಿ ಅದೇ ಇನ್‌ಪುಟ್ ಆರಿಸಿ, ವಿಂಡೋಸ್ ಕೀಲಿ ಮತ್ತು ಪಿ ಕೀಲಿಯನ್ನು ಒಟ್ಟಿಗೆ ಒತ್ತಿ. ಟಿವಿಯಲ್ಲಿ ಚಿತ್ರ ಬಂದರೆ ನಿಮ್ಮ ಬೋರ್ಡ್, ರ‍್ಯಾಮ್, ಕಡತಗಳು ಎಲ್ಲವೂ ಕ್ಷೇಮ. ಮೊದಲು ಮುಖ್ಯ ಕಡತಗಳನ್ನು ನಕಲು ಮಾಡಿಕೊಂಡುಬಿಡಿ. ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಈ ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್ 10 ಮತ್ತು 11ರಲ್ಲಿ ಚಿತ್ರ ತೋರಿಸುವ ತಂತ್ರಾಂಶ ಹೊಸದಾಗಿ ಶುರುವಾಗುತ್ತದೆ. ಅದನ್ನೂ ಒಮ್ಮೆ ಪ್ರಯತ್ನಿಸಿ.

ಅಯಸ್ಕಾಂತವನ್ನು ಮರೆಯಬೇಡಿ. ಮುಚ್ಚಳ ಮುಚ್ಚಿದೆಯೇ ಎಂದು ತಿಳಿಯಲು ಬಹಳಷ್ಟು ಲ್ಯಾಪ್‌ಟಾಪ್‌ಗಳು ಅಯಸ್ಕಾಂತವನ್ನು ಗ್ರಹಿಸುವ ಸಂವೇದಕವನ್ನು ಬಳಸುತ್ತವೆ. ಒಂದು ಲ್ಯಾಪ್‌ಟಾಪ್ ಮೇಲೆ ಇನ್ನೊಂದನ್ನು ಇಟ್ಟು ತೆರೆದರೆ, ಅಥವಾ ಅಯಸ್ಕಾಂತವಿರುವ ಫೋನ್ ಕವರನ್ನು ಕೀಬೋರ್ಡಿನ ಅಂಚಿನಲ್ಲಿಟ್ಟರೆ, ಮುಚ್ಚಳ ಮುಚ್ಚಿದೆ ಎಂದೇ ತಿಳಿದು ಯಂತ್ರ ಪರದೆಯನ್ನು ಆರಿಸುತ್ತದೆ. ಜಾಗ ಬದಲಿಸಿ ಇಟ್ಟರೆ ಸರಿಹೋಗುತ್ತದೆ.

ಹಂತ 6: ದೀಪ ಮತ್ತು ಬೀಪ್‌ಗಳ ಭಾಷೆ

ಪರದೆಯಲ್ಲಿ ತೋರಿಸಲಾಗದ್ದನ್ನು ಲ್ಯಾಪ್‌ಟಾಪ್ ದೀಪ ಮಿಣುಕಿಸಿಯೋ ಬೀಪ್ ಸದ್ದಿನಿಂದಲೋ ಹೇಳುತ್ತದೆ. ಬಟನ್ ಒತ್ತುವ ಮೊದಲೇ ಫೋನಿನಲ್ಲಿ ವಿಡಿಯೊ ಶುರು ಮಾಡಿ, ದೀಪಗಳು ಕಾಣುವಂತೆ ಒಂದು ನಿಮಿಷ ಚಿತ್ರೀಕರಿಸಿ. ಬಣ್ಣ ಯಾವುದು, ಎಷ್ಟು ಸಲ ಮಿಣುಕಿತು, ನಡುವೆ ಎಷ್ಟು ವಿರಾಮ ಎಂಬುದನ್ನು ಹಾಳೆಯಲ್ಲಿ ಬರೆದು, ನಿಮ್ಮ ಮಾದರಿಯ ಕೈಪಿಡಿಯಲ್ಲಿ ಹೋಲಿಸಿ. ಡೆಲ್‌ನ ಹಲವು ಮಾದರಿಗಳಲ್ಲಿ ಹಳದಿ ದೀಪ 2 ಸಲ, ಅನಂತರ ಬಿಳಿ ದೀಪ 3 ಸಲ ಮಿಣುಕಿದರೆ ರ‍್ಯಾಮ್ ಸಿಗುತ್ತಿಲ್ಲ ಎಂದರ್ಥ. ಎಚ್‌ಪಿಯಲ್ಲಿ ಕ್ಯಾಪ್ಸ್ ಲಾಕ್ ದೀಪ ಮಿಣುಕುವುದುಂಟು. ಒಂದು ಕಂಪನಿಯ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ, ಆದ್ದರಿಂದ ಗೆಳೆಯರ ಲ್ಯಾಪ್‌ಟಾಪ್‌ನ ಅನುಭವವನ್ನು ಇಲ್ಲಿ ನಂಬಬೇಡಿ.

ಬಯಾಸ್ ಕೆಟ್ಟಿದೆ ಎಂಬ ಸೂಚನೆ ಬಂದರೆ, ಅಂದರೆ ವಿಂಡೋಸ್‌ಗಿಂತ ಮೊದಲು ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ ಹಾಳಾಗಿದ್ದರೆ, ಎಚ್‌ಪಿಯ ಹಲವು ಮಾದರಿಗಳಲ್ಲಿ ಉಪಾಯವಿದೆ. ಚಾರ್ಜರ್ ಜೋಡಿಸಿ, ವಿಂಡೋಸ್ ಮತ್ತು ಬಿ ಕೀಲಿಗಳನ್ನು ಹಿಡಿದುಕೊಂಡೇ ಪವರ್ ಬಟನ್ ಅನ್ನು 2–3 ಸೆಕೆಂಡು ಒತ್ತಿ ಬಿಡಿ; ಬೀಪ್ ಕೇಳುವವರೆಗೆ ಅಥವಾ ಪರದೆಯಲ್ಲಿ ಏನಾದರೂ ಕಾಣುವವರೆಗೆ ಆ ಎರಡು ಕೀಲಿಗಳನ್ನು ಬಿಡಬೇಡಿ. ಈ ಕೆಲಸ ನಡೆಯುವಾಗ ಕರೆಂಟು ಹೋದರೆ ಪರಿಸ್ಥಿತಿ ಇನ್ನೂ ಹದಗೆಡುತ್ತದೆ, ಹಾಗಾಗಿ ಕರೆಂಟು ಹೋಗಿ ಬರುತ್ತಿರುವ ದಿನ ಇದಕ್ಕೆ ಕೈ ಹಾಕಬೇಡಿ. ಯುಪಿಎಸ್ ಇದ್ದರೆ ಅದರ ಮೂಲಕವೇ ಮಾಡಿ.

ಹಂತ 7: ಮುಚ್ಚಳ ತೆಗೆದು ರ‍್ಯಾಮ್ ಮತ್ತೆ ಕೂರಿಸುವುದು

ವಾರಂಟಿ ಇರುವ ಯಂತ್ರವಾದರೆ ಬಿಚ್ಚಬೇಡಿ, ಸೇವಾ ಕೇಂದ್ರಕ್ಕೆ ಒಯ್ಯಿರಿ. ವಾರಂಟಿ ಮುಗಿದಿದ್ದು, "ನೋ ಡಿಸ್‌ಪ್ಲೇ" ದೋಷವಿದ್ದರೆ ಮಾತ್ರ ಈ ಹಂತ ನಿಮಗೆ. ರ‍್ಯಾಮ್ ಎಂದರೆ ಕೆಲಸದ ಹೊತ್ತಿನಲ್ಲಿ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಪಟ್ಟಿ. ಅದರ ಚಿನ್ನದ ಬಣ್ಣದ ಅಂಚಿಗೂ ತೋಡಿಗೂ ನಡುವೆ ಧೂಳು ಕೂತು ಸಂಪರ್ಕ ತಪ್ಪಿದರೆ ಪರದೆ ಬರುವುದಿಲ್ಲ.

ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಹಾಳೆಯ ಮೇಲೆ ಲ್ಯಾಪ್‌ಟಾಪ್‌ನ ಆಕಾರ ಬರೆದು, ತೆಗೆದ ಸ್ಕ್ರೂವನ್ನು ಅದೇ ಜಾಗದಲ್ಲಿ ಇಡುತ್ತಾ ಹೋಗಿ; ಉದ್ದದ ಸ್ಕ್ರೂವನ್ನು ಗಿಡ್ಡದರ ಜಾಗಕ್ಕೆ ಬಿಗಿದರೆ ಮೇಲಿನ ಕವಚವೇ ತೂತಾಗಬಹುದು. ರಬ್ಬರ್ ಕಾಲುಗಳ ಅಡಿಯಲ್ಲೂ ಸ್ಕ್ರೂ ಅಡಗಿರುತ್ತದೆ. ಅಂಚನ್ನು ಪ್ಲಾಸ್ಟಿಕ್ ಕಾರ್ಡಿನಿಂದ ಬಿಡಿಸಿ, ಕಬ್ಬಿಣದ ಮೊನೆಯಿಂದ ಮೀಟಬೇಡಿ. ತೆರೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಇದನ್ನು ಮರೆತು ರ‍್ಯಾಮ್ ಕಿತ್ತರೆ, ಇದ್ದ ಸಣ್ಣ ದೋಷದ ಜೊತೆಗೆ ದೊಡ್ಡದೊಂದನ್ನು ಸೇರಿಸಿದಂತಾಗುತ್ತದೆ. ಒಣ ಹವೆಯ ದಿನಗಳಲ್ಲಿ ಪಾಲಿಯೆಸ್ಟರ್ ಬಟ್ಟೆಯಿಂದ ಮೈಯಲ್ಲಿ ಸ್ಥಾಯಿ ವಿದ್ಯುತ್ ಕೂಡಿಕೊಳ್ಳುತ್ತದೆ, ಆದ್ದರಿಂದ ಮುಟ್ಟುವ ಮೊದಲು ಬಣ್ಣ ಬಳಿಯದ ಕಬ್ಬಿಣದ ಕಿಟಕಿ ಸರಳನ್ನೋ ಲೋಹದ ನಲ್ಲಿಯನ್ನೋ ಒಮ್ಮೆ ಮುಟ್ಟಿ ಬನ್ನಿ.

ಎರಡೂ ಬದಿಯ ಕೊಂಡಿಗಳನ್ನು ಹೊರಕ್ಕೆ ಸರಿಸಿದರೆ ರ‍್ಯಾಮ್ ಪಟ್ಟಿ ಓರೆಯಾಗಿ ಮೇಲೇಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೆತ್ತನೆ ಬಟ್ಟೆಯಿಂದ ಅದರ ಅಂಚನ್ನು ಒರೆಸಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಪದ್ಧತಿ ಅಂಗಡಿಗಳಲ್ಲಿ ಇದೆಯಾದರೂ ಅದರ ಪುಡಿ ತೋಡಿನೊಳಗೆ ಬೀಳುವುದರಿಂದ ನಾನು ಅದನ್ನು ಒಪ್ಪುವುದಿಲ್ಲ. ಅದೇ ಓರೆಯಲ್ಲಿ ತಳ್ಳಿ, ಕೊಂಡಿ ಕಟ್ ಎನ್ನುವವರೆಗೆ ಕೆಳಕ್ಕೆ ಒತ್ತಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ಪ್ರತಿ ಸಲ ಬದಲಿಸುವಾಗಲೂ ಬ್ಯಾಟರಿ ಮತ್ತು ಚಾರ್ಜರ್ ಎರಡನ್ನೂ ಬಿಡಿಸಿರಬೇಕು. ಡಿಡಿಆರ್5 ಎಂಬ ಹೊಸ ಬಗೆಯ ರ‍್ಯಾಮ್ ಇರುವ ಯಂತ್ರಗಳು ರ‍್ಯಾಮ್ ಬದಲಾದ ಮೇಲೆ ಮೊದಲ ಸಲ ಆನ್ ಆಗಲು ಹಲವು ನಿಮಿಷ ತೆಗೆದುಕೊಳ್ಳಬಹುದು. ಕಪ್ಪು ಪರದೆ ನೋಡಿ ಗಾಬರಿಯಿಂದ ಆರಿಸಬೇಡಿ. ಹಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಅಲ್ಲಿ ಈ ಹಂತವೇ ಇಲ್ಲ.

ಸಿಆರ್2032 ಎಂಬ ನಾಣ್ಯದಾಕಾರದ 3 ವೋಲ್ಟ್ ಸೆಲ್ ಒಳಗೆ ಕಂಡರೆ ಅದನ್ನು ಬಿಡಿಸಿ ಐದು ನಿಮಿಷ ಬಿಟ್ಟು ಮತ್ತೆ ಜೋಡಿಸಿ. ಕೆಲವು ಯಂತ್ರಗಳಲ್ಲಿ ಬಯಾಸ್‌ನ ನೆನಪಿನಲ್ಲಿ ಉಳಿದ ತಪ್ಪು ಹೊಂದಾಣಿಕೆಗಳು ಇದರಿಂದ ಅಳಿಸಿಹೋಗುತ್ತವೆ.

ಹಂತ 8: ಆನ್ ಆಗಿ ಆರುವುದು, ಲೋಗೊದಲ್ಲೇ ನಿಲ್ಲುವುದು

ಕೆಲವು ನಿಮಿಷ ನಡೆದು ಆರಿದರೆ ಬಿಸಿಯೇ ಕಾರಣವಿರಬಹುದು. ಪಾವಗಡ, ಶಿರಾದಂಥ ಒಣ ಪ್ರದೇಶದ ಧೂಳು ಫ್ಯಾನಿನ ಹಿಂದಿನ ಲೋಹದ ಜಾಲರಿಯಲ್ಲಿ ಕಂಬಳಿಯಂತೆ ಕೂತು ಗಾಳಿಯನ್ನೇ ತಡೆಯುತ್ತದೆ. ಅದನ್ನು ಶುಚಿ ಮಾಡಿಸಬೇಕು. ಲೋಗೊ ಬಂದು ನಿಂತರೆ ಅದು ವಿದ್ಯುತ್ತಿನ ದೋಷವಲ್ಲ. ವಿಂಡೋಸ್ ತೆರೆಯುವ ಮುಂಚೆ ಮೂರು ಸಲ ಬಲವಂತವಾಗಿ ಆರಿಸಿ ಆನ್ ಮಾಡಿದರೆ ಅದರ ದುರಸ್ತಿ ಪರದೆ ತಾನೇ ಬರುತ್ತದೆ. ಅದು ಬೇರೆಯದೇ ವಿಷಯವಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ.

ಹಂತ 9: ಅಂಗಡಿಗೆ ಕೊಡುವ ಮೊದಲು

ಲ್ಯಾಪ್‌ಟಾಪ್ ಸತ್ತಿದ್ದರೂ ನಿಮ್ಮ ಕಡತಗಳು ಹೆಚ್ಚಿನ ಸಂದರ್ಭಗಳಲ್ಲಿ ಎಸ್‌ಎಸ್‌ಡಿಯಲ್ಲಿ, ಅಂದರೆ ಒಳಗಿನ ಶೇಖರಣಾ ಪಟ್ಟಿಯಲ್ಲಿ, ಸುರಕ್ಷಿತವಾಗಿರುತ್ತವೆ. ಅದು ಬಿಡಿಸಬಹುದಾದ ಮಾದರಿಯಾದರೆ ತೆಗೆಸಿ, ಯುಎಸ್‌ಬಿ ಎನ್‌ಕ್ಲೋಷರ್ ಎಂಬ ಡಬ್ಬಿಗೆ ಹಾಕಿ ಬೇರೆ ಕಂಪ್ಯೂಟರ್‌ನಲ್ಲಿ ಓದಬಹುದು. ವಿಂಡೋಸ್ 11 ಯಂತ್ರಗಳಲ್ಲಿ ಬಿಟ್‌ಲಾಕರ್ ಗೂಢಲಿಪಿ ನಿಮಗೆ ಗೊತ್ತಿಲ್ಲದೆಯೇ ಚಾಲ್ತಿಯಲ್ಲಿರಬಹುದು. ಆಗ 48 ಅಂಕಿಗಳ ರಿಕವರಿ ಕೀ ಇಲ್ಲದೆ ಕಡತಗಳು ತೆರೆಯುವುದಿಲ್ಲ, ಬೋರ್ಡ್ ಬದಲಿಸಿದಾಗಲೂ ಅದನ್ನೇ ಕೇಳುತ್ತದೆ. ಫೋನಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ ಕೀಯನ್ನು ಹುಡುಕಿ ಬರೆದಿಟ್ಟುಕೊಳ್ಳಿ. ರಿಪೇರಿಯವರು "ಫಾರ್ಮ್ಯಾಟ್ ಮಾಡಿಬಿಡೋಣ" ಎಂದರೆ ಒಪ್ಪಬೇಡಿ. ವಿದ್ಯುತ್ತೇ ಬರದ ಯಂತ್ರಕ್ಕೂ ಫಾರ್ಮ್ಯಾಟಿಗೂ ಸಂಬಂಧವಿಲ್ಲ.

ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಗಳಲ್ಲಾಗಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಕೇಳಬೇಕಾದ ಪ್ರಶ್ನೆ ಒಂದೇ: "ಬೋರ್ಡ್ ಪೂರ್ತಿ ಬದಲಿಸುತ್ತೀರಾ, ಚಿಪ್‌ಲೆವೆಲ್ ಕೆಲಸ ಮಾಡುತ್ತೀರಾ?" ಚಿಪ್‌ಲೆವೆಲ್ ಎಂದರೆ ಬೋರ್ಡಿನ ಮೇಲೆ ಕೆಟ್ಟ ಒಂದೆರಡು ಬಿಡಿಭಾಗಗಳನ್ನು ಮಾತ್ರ ಗುರುತಿಸಿ ಬೆಸುಗೆ ಬಿಡಿಸಿ ಬದಲಿಸುವುದು. ಹಂತ 3ರಲ್ಲಿ ಹೇಳಿದಂತೆ ಚಾರ್ಜರ್ ದೀಪ ಆರಿಹೋಗುವ ಯಂತ್ರಗಳಲ್ಲಿ ಕೆಟ್ಟಿರುವುದು ಹಲವು ಸಲ ಕೆಪಾಸಿಟರ್ ಅಥವಾ ಮಾಸ್‌ಫೆಟ್ ಎಂಬ ಒಂದು ಸಣ್ಣ ಬಿಡಿಭಾಗ ಮಾತ್ರ, ಆದ್ದರಿಂದ ಬೋರ್ಡಿಗೆ ದುಡ್ಡು ಸುರಿಯುವ ಮೊದಲು ಚಿಪ್‌ಲೆವೆಲ್ ತಂತ್ರಜ್ಞರಿಗೆ ತೋರಿಸುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ. ನೀರು ಬಿದ್ದ ಬೋರ್ಡಿನ ವಿಷಯದಲ್ಲಿ ಇಷ್ಟು ಭರವಸೆಯಿಂದ ಹೇಳಲಾರೆ. ಒಂದು ಕಡೆ ಸರಿಪಡಿಸಿದ ಮೇಲೆ ಇನ್ನೊಂದು ಕಡೆ ತುಕ್ಕು ಮುಂದುವರಿಯಬಹುದು.

ಒಪ್ಪಿಸುವಾಗ ಯಂತ್ರದ ತಳದ ಸೀರಿಯಲ್ ಸಂಖ್ಯೆ, ರ‍್ಯಾಮ್ ಮತ್ತು ಎಸ್‌ಎಸ್‌ಡಿಯ ಫೋಟೊ ತೆಗೆದುಕೊಳ್ಳಿ. ಪರೀಕ್ಷಾ ಶುಲ್ಕ ಎಷ್ಟು, ರಿಪೇರಿ ಆಗದಿದ್ದರೆ ಎಷ್ಟು ಕೊಡಬೇಕು, ಸರಿಪಡಿಸಿದ ಭಾಗಕ್ಕೆ ಎಷ್ಟು ದಿನದ ಖಾತರಿ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನೀವು ಹಂತ ಹಂತವಾಗಿ ಬರೆದಿಟ್ಟ ಹಾಳೆಯ ಒಂದು ಪ್ರತಿಯನ್ನು ಅವರಿಗೆ ಕೊಡಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ವಾಪಸ್ ಪಡೆಯಿರಿ. ಆದರೆ ಉಬ್ಬಿದ ಬ್ಯಾಟರಿಯನ್ನು ಮಾತ್ರ ಮನೆಗೆ ತರಬೇಡಿ, ನಗರಪಾಲಿಕೆಯ ಕಸದ ಗಾಡಿಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಮರಳಿ ಪಡೆಯುವ ಹೊಣೆ ತಯಾರಕರ ಮೇಲಿದೆ, ಆದ್ದರಿಂದ ಕಂಪನಿಯ ಸೇವಾ ಕೇಂದ್ರಕ್ಕೆ ಅಥವಾ ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಅದನ್ನು ಒಪ್ಪಿಸಿ.